ರುಚಿ ನೋಡಲು ಬಂದವರು

ಕನ್ನಡದಲ್ಲಿ ನಾವು ರುಚಿಯನ್ನು ‘ನೋಡುತ್ತೇವೆ’. ಸಾರು ಇಳಿಸುವ ಮುನ್ನ ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ಉಪ್ಪು ನೋಡುತ್ತೇವೆ. ಸಂತೆಯಲ್ಲಿ ಮಾವಿನ ಹೋಳೊಂದನ್ನು ಬಾಯಿಗಿಟ್ಟು ಸಿಹಿ ನೋಡುತ್ತೇವೆ. ಊರುಗಳನ್ನೂ ಹಾಗೆಯೇ ‘ನೋಡಿ ಬರುತ್ತೇವೆ’. ಎರಡರಲ್ಲೂ ಇರುವ ನಂಬಿಕೆ ಒಂದೇ: ಸ್ವಲ್ಪವನ್ನು ತೆಗೆದುಕೊಂಡು ಇಡಿಯನ್ನು ತಿಳಿಯಬಹುದು. ಸಾರಿನ ಮಟ್ಟಿಗೆ ಅದು ಸರಿ. ಒಂದು ಹನಿಯಲ್ಲಿರುವ ಉಪ್ಪೇ ಇಡೀ ಪಾತ್ರೆಯಲ್ಲೂ ಇರುತ್ತದೆ. ಆದರೆ ಇನ್ನೊಬ್ಬರು ವರ್ಷವಿಡೀ ಮಾಡುವ ಕೆಲಸವನ್ನು ಒಂದು ದಿನ ಹೋಗಿ ನೋಡಿದರೆ ಅದು ಅಷ್ಟು ಸುಲಭಕ್ಕೆ ಕಾಣುತ್ತದೆಯೇ? ಕಾಣದಿದ್ದರೆ, ಹಾಗೆ ಹೋಗಿ ಬರುವ ನಮಗೂ ಅಲ್ಲಿ ದುಡಿಯುವವರಿಗೂ ನಡುವೆ ಇರುವುದು ಯಾವ ಸಂಬಂಧ? ನಾವು ಅವರ ಅತಿಥಿಗಳೋ, ಗಿರಾಕಿಗಳೋ?

ಬೆಂಗಳೂರಿನಲ್ಲಿರುವವರಿಗೆ ಇಂಥ ಒಂದು ದಿನದ ಪ್ರವಾಸ ಈಗ ಸಲೀಸು. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ದೊಡ್ಡಬಳ್ಳಾಪುರ, ನಂದಿಬೆಟ್ಟದ ಆಸುಪಾಸಿನ ದ್ರಾಕ್ಷಿತೋಟಗಳು ಒಂದೂವರೆ ಎರಡು ಗಂಟೆಯ ದಾರಿ. ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನು ಈ ಬೆಟ್ಟದ ತಪ್ಪಲಿನಲ್ಲಿ ಬೆಳೆಸಿ ವೈನ್ ಮಾಡುವ ಪ್ರಯತ್ನ 1980ರ ದಶಕದಲ್ಲಿ ಶುರುವಾಯಿತು. ಈಗ ಅಲ್ಲಿಯ ವೈನರಿಗಳು ವೈನನ್ನು ಮಾರುವುದರ ಜೊತೆಗೆ ವೈನ್ ಆಗುವುದನ್ನೂ ತೋರಿಸುತ್ತವೆ. ಟಿಕೆಟ್ ಕೊಂಡರೆ ತೋಟ, ಉಕ್ಕಿನ ತೊಟ್ಟಿಗಳು, ಓಕ್ ಮರದ ಪೀಪಾಯಿಗಳು, ಕೊನೆಗೆ ನಾಲ್ಕೈದು ಬಗೆಯ ವೈನಿನ ರುಚಿ.

ಈ ಪದ್ಧತಿಯ ತವರು ಯುರೋಪು. ಜಗತ್ತಿನಲ್ಲೇ ಅತಿ ಹೆಚ್ಚು ನೆಲವನ್ನು ದ್ರಾಕ್ಷಿತೋಟಕ್ಕೆ ಬಿಟ್ಟಿರುವ ದೇಶ ಸ್ಪೇನ್. ಬಾರ್ಸಿಲೋನಾದಲ್ಲಿ ರೈಲು ಹತ್ತಿದವರು ಒಂದು ಗಂಟೆಯೊಳಗೆ ಪೆನೆದೆಸ್ ಸೀಮೆಯ ಸಂತ್ ಸದುರ್ನಿಯಲ್ಲಿ ಇಳಿದು, ‘ಕಾವಾ’ ಎಂಬ ನೊರೆಯುಕ್ಕುವ ವೈನ್ ತಯಾರಾಗುವ ನೆಲಮಾಳಿಗೆಗಳನ್ನು ನೋಡಿ, ಸಂಜೆಗೆ ಮರಳುತ್ತಾರೆ. ರಿಯೋಹಾ ಸೀಮೆಯ ಹಾರೋ ಪಟ್ಟಣದಲ್ಲಿ ಹಳೆಯ ವೈನರಿಗಳೆಲ್ಲ ರೈಲು ನಿಲ್ದಾಣವನ್ನು ಸುತ್ತಿಕೊಂಡು ನಿಂತಿವೆ. 19ನೇ ಶತಮಾನದಲ್ಲಿ ಫ್ರಾನ್ಸಿನ ಬಳ್ಳಿಗಳಿಗೆ ಕೀಟರೋಗ ತಗುಲಿದಾಗ ಅಲ್ಲಿಯ ವ್ಯಾಪಾರಿಗಳು ವೈನ್ ಹುಡುಕಿಕೊಂಡು ಇಲ್ಲಿಗೆ ಬಂದರು. ಪೀಪಾಯಿಗಳನ್ನು ಹೊರಗೆ ಸಾಗಿಸಲು ನಿಲ್ದಾಣದ ಪಕ್ಕವೇ ಅನುಕೂಲವಾಗಿತ್ತು. ಅಂದು ವೈನ್ ಹೊರಗೆ ಹೋಗುತ್ತಿದ್ದ ಊರಿಗೆ ಇಂದು ವೈನ್ ನೋಡುವ ಜನ ಒಳಗೆ ಬರುತ್ತಿದ್ದಾರೆ. ನಮ್ಮ ನಂದಿಬೆಟ್ಟದ ಪ್ರವಾಸ ಇದರದೇ ಒಂದು ಚಿಕ್ಕ ನಕಲು.

ಕುಡಿಯುವ ಹವ್ಯಾಸ ನನಗೆ ಅಷ್ಟಾಗಿ ಇಲ್ಲ. ಆದರೂ ಕಳೆದ ಸುಗ್ಗಿಯಲ್ಲಿ ಅಂಥದೊಂದು ವೈನರಿಗೆ ಹೋಗಿ ಬಂದೆ. ಹೋಗಲು ಕಾರಣ ಬೆಲ್ಲ.

ನನ್ನ ಊರು ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿ. ಬಾಗೇವಾಡಿಗಳು ಹಲವು. ವಿಜಯಪುರದ ಕಡೆ ಬಸವನ ಬಾಗೇವಾಡಿ ಇದೆ, ಬೆಳಗಾವಿಯ ಹತ್ತಿರ ಹಿರೇಬಾಗೇವಾಡಿ ಇದೆ. ನಮ್ಮದು ಹೆಸರಿನಲ್ಲೇ ಬೆಲ್ಲವಿರುವ ಊರು. ಈಗ ಆ ಸೀಮೆಯ ಕಬ್ಬಿನ ದೊಡ್ಡ ಪಾಲು ಸಕ್ಕರೆ ಕಾರ್ಖಾನೆಗಳಿಗೆ ಹೋಗುತ್ತದೆ. ಊರಿನಲ್ಲೇ ಒಂದು ಕಾರ್ಖಾನೆ ಇದೆ. ಗಾಣಗಳು ಕಡಿಮೆಯಾಗಿವೆ. ಉಳಿದವುಗಳಲ್ಲಿ ಒಂದನ್ನು ನನ್ನ ಕಾಕಾನ ಮಗ ನಡೆಸುತ್ತಾನೆ. ಎರಡು ಮೂರು ವರ್ಷಗಳಿಂದ ಅವನ ಗಾಣಕ್ಕೆ ಹೊಸ ಬಗೆಯ ಜನ ಬರುತ್ತಿದ್ದಾರೆ. ಒಂದು ದಿನ ಫೋನ್ ಮಾಡಿ ಕೇಳಿದ:

“ಅಣ್ಣಾ, ಆಯಿತವಾರ ಬಂತಂದ್ರ ಬೆಳಗಾಂವಿಂದ ಮಂದಿ ಕಾರ್ ತಗೊಂಡ ಬರ್ತಾರ. ಹುಡುಗರ‍್ನ ಕರ್ಕೊಂಡ ಬರ್ತಾರ, ಫೋಟೋ ತಗೀತಾರ, ಕಬ್ಬಿನ ಹಾಲ ಕುಡೀತಾರ, ಬಿಸಿ ಬೆಲ್ಲ ತಿಂತಾರ. ಖುಷಿ ಆಗ್ತೈತಿ ಖರೆ. ಆದ್ರ ಅರ್ಧ ದಿನದ ಕೆಲಸ ನಿಲ್ತೈತಿ. ಒಂದ ಟಿಕೀಟ ಇಟ್ರ ತಪ್ಪೇನ?”

ಹಿಂದೆ ಕಾಕು ಮಾತಾಡಿದ್ದು ಫೋನಿನಲ್ಲೇ ಕೇಳಿಸಿತು. “ಗಾಣಕ್ಕ ಬಂದವರ ಕಡೆ ರೊಕ್ಕ ಇಸ್ಕೋತಾರೇನೋ? ಬೆಲ್ಲ ಗಟ್ಟಿ ಆಗೂದಿಲ್ಲ ನೋಡ.”

ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಯಾರ ಪರ ನಿಲ್ಲಬೇಕೆಂದು ತಿಳಿಯಲು, ಇದೇ ಕೆಲಸವನ್ನು ಟಿಕೆಟ್ ಇಟ್ಟು ನಡೆಸುವವರು ಹೇಗೆ ನಡೆಸುತ್ತಾರೆಂದು ನೋಡೋಣ ಅನ್ನಿಸಿತು.

ವೈನರಿಯಲ್ಲಿ ನಮ್ಮ ಗುಂಪಿಗೆ ಎಲ್ಲವನ್ನೂ ವಿವರಿಸಿದ ಹುಡುಗಿ ಚೆನ್ನಾಗಿ ಮಾತಾಡುತ್ತಿದ್ದಳು. ಹಣ್ಣನ್ನು ತೊಟ್ಟಿನಿಂದ ಬಿಡಿಸುವುದು, ಕೆಂಪು ವೈನಿಗೆ ಸಿಪ್ಪೆಯನ್ನು ರಸದೊಡನೆಯೇ ಹುದುಗಲು ಬಿಡುವುದು, ಬಿಳಿಯದಕ್ಕೆ ಮೊದಲೇ ಸಿಪ್ಪೆ ಬೇರ್ಪಡಿಸುವುದು, ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿ ಹಣ್ಣಿನ ಸಕ್ಕರೆಯನ್ನು ತಿಂದು ಮದ್ಯಸಾರವಾಗಿಸುವುದು, ಎಲ್ಲವನ್ನೂ ತಿಳಿಯಾಗಿ ಹೇಳಿದಳು. ಗಾಣದ ಊರಿನವನಾದ ನನಗೆ ಇದು ಕುತೂಹಲದ ಸಂಗತಿಯಾಗಿತ್ತು. ಬೆಲ್ಲ, ವೈನ್ ಎರಡೂ ಶುರುವಾಗುವುದು ಸಿಹಿ ರಸದಿಂದ. ರಸ ಹಾಗೇ ಇಟ್ಟರೆ ಉಳಿಯುವುದಿಲ್ಲ. ಬೆಲ್ಲ ಮಾಡುವವರು ನೀರನ್ನು ಓಡಿಸಿ ಸಿಹಿಯನ್ನು ಉಳಿಸಿಕೊಳ್ಳುತ್ತಾರೆ. ವೈನ್ ಮಾಡುವವರು ಸಿಹಿಯನ್ನು ಕೊಟ್ಟು ರಸವನ್ನು ಉಳಿಸಿಕೊಳ್ಳುತ್ತಾರೆ. ಮೊದಲನೆಯದಕ್ಕೆ ಬೆಂಕಿ ಬೇಕು, ಎರಡನೆಯದಕ್ಕೆ ತಂಪು ಮತ್ತು ತಾಳ್ಮೆ ಬೇಕು.

ಕೊನೆಯಲ್ಲಿ ರುಚಿ ನೋಡುವ ಶಾಸ್ತ್ರ. ಗ್ಲಾಸನ್ನು ಕಾಲಿನಲ್ಲಿ ಹಿಡಿಯಬೇಕು, ಬೆಳಕಿಗೆ ಹಿಡಿದು ಬಣ್ಣ ನೋಡಬೇಕು, ತಿರುಗಿಸಿ ಮೂಸಬೇಕು, ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಬೇಕು. ಬೇಡವಾದರೆ ಉಗುಳಲು ಮೇಜಿನ ಮೇಲೆ ಒಂದು ಪಾತ್ರೆಯಿತ್ತು. ಅದು ಅಗೌರವವಲ್ಲ, ಹತ್ತಾರು ವೈನುಗಳ ರುಚಿ ನೋಡಬೇಕಾದವರು ಎಲ್ಲವನ್ನೂ ಕುಡಿಯಲಾಗದ್ದರಿಂದ ಹುಟ್ಟಿದ ಪದ್ಧತಿ ಎಂದು ಆಕೆ ಹೇಳಿದಳು. ಹನ್ನೆರಡು ಜನ ಒಂದೇ ಮೇಜಿನ ಸುತ್ತ ಕೂತಿದ್ದೆವು. ಯಾರೂ ಯಾರ ಊರು, ಮನೆತನ ಕೇಳಲಿಲ್ಲ. ಎಲ್ಲರಿಗೂ ಒಂದೇ ಬಗೆಯ ಗ್ಲಾಸು, ಒಂದೇ ಅಳತೆ.

ಈ ಕೊನೆಯ ಸಂಗತಿ ಸಣ್ಣದಲ್ಲ. ಅದು ಯಾಕೆ ಸಣ್ಣದಲ್ಲ ಎಂದು ಹೇಳಲು ನಮ್ಮ ಗಾಣಕ್ಕೆ ಹೋಗಬೇಕು.

ನಮ್ಮ ಕಡೆ ಗಾಣ ಶುರುವಾದರೆ ಅದರ ಸುದ್ದಿಯನ್ನು ಗಾಳಿಯೇ ಹೇಳುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ವಾಸನೆ ರಸ್ತೆಯವರೆಗೂ ಬರುತ್ತದೆ. ದಾರಿಯಲ್ಲಿ ಹೋಗುವವರು ಒಳಗೆ ಬರಬಹುದು. ಬಂದವರಿಗೆ ಒಂದು ಲೋಟ ಹಾಲು, ಕೈಯಲ್ಲಿ ಒಂದು ತುಣುಕು ಬಿಸಿ ಬೆಲ್ಲ. ಅದಕ್ಕೆ ರೊಕ್ಕ ಕೇಳುವಂತಿಲ್ಲ. ಬಂದವರು ಬರಿಗೈಯಲ್ಲಿ ಹೋದರೆ ಗಾಣಕ್ಕೆ ಒಳ್ಳೆಯದಲ್ಲ ಎಂಬ ನಂಬಿಕೆಯೇ ಕಾಕುವಿನ ಬಾಯಲ್ಲಿ ಬಂದದ್ದು. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿಗಳು ಗಾಣದ ಮುಂದೆ ನಿಂತರೆ ಮನೆಯ ಹಿರಿಯರೇ ಎದ್ದು ಹೋಗಿ ಹಾಲು ಕೊಡಿಸುತ್ತಿದ್ದರು. ಇದನ್ನು ನೆನೆದು ನಾವು ನಗರದಲ್ಲಿ ಕೂತು ಹೆಮ್ಮೆಪಡುವುದು ಸಹಜ. “ನಮ್ಮೂರಲ್ಲಿ ಬೆಲ್ಲಕ್ಕೆ ಬೆಲೆ ಕಟ್ಟುತ್ತಿರಲಿಲ್ಲ” ಎಂದು ಭಾಷಣ ಮಾಡುವವರಿದ್ದಾರೆ.

ಭಾಷಣ ಮಾಡುವವರು ಅರ್ಧ ಮಾತ್ರ ಹೇಳುತ್ತಾರೆ. ನಮ್ಮ ಅಜ್ಜನ ಕಾಲದ ಗಾಣದಲ್ಲಿ ಲೋಟ ಎಲ್ಲರಿಗೂ ಸಿಗುತ್ತಿರಲಿಲ್ಲ. ಕೇರಿಯಿಂದ ಬಂದವರು ದೂರ ನಿಲ್ಲುತ್ತಿದ್ದರು. ಅವರ ಬೊಗಸೆಗೋ ಅವರೇ ತಂದ ಪಾತ್ರೆಗೋ ಮೇಲಿನಿಂದ ಹಾಲು ಹೊಯ್ಯುತ್ತಿದ್ದರು. ಬೆಲ್ಲದ ತುಣುಕನ್ನು ಕೈಗೆ ಕೈ ತಾಗದಂತೆ ಹಾಕುತ್ತಿದ್ದರು. ಕಬ್ಬು ಕಡಿದು ತಂದ ಕೈಗಳಲ್ಲಿ ಅವರ ಕೈಗಳೂ ಇದ್ದವು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿ ದಶಕಗಳಾದ ಮೇಲೂ ಇದು ನಡೆಯುತ್ತಿತ್ತು. ಬೆಲ್ಲಕ್ಕೆ ಬೆಲೆ ಕಟ್ಟದಿದ್ದವರು ಮನುಷ್ಯರಿಗೆ ಕಟ್ಟಿದ್ದರು.

ಪುಕ್ಕಟೆ ಕೊಡುವುದು ಯಾವಾಗಲೂ ಒಂದು ಪ್ರಶ್ನೆ ಕೇಳಿಯೇ ಕೊಡುತ್ತದೆ: ನೀನು ಯಾರು? ಅತಿಥಿ ಎಂದರೆ ಯಾರೋ ಒಬ್ಬನಲ್ಲ, ಗುರುತಿರುವವನು, ಇಂಥವನೆಂದು ಒಪ್ಪಲ್ಪಟ್ಟವನು. ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಕೊಡುಗೆಯ ಈ ಗುಣವನ್ನು ಬಿಡಿಸಿ ತೋರಿಸಿದ. ಕೊಡುವುದು, ತೆಗೆದುಕೊಳ್ಳುವುದು, ಮರಳಿಸುವುದು ಮೂರೂ ಕಟ್ಟುಪಾಡುಗಳು ಎಂಬುದು ಅವನ ವಾದ. ಗಾಣದಲ್ಲಿ ಹಾಲು ಕುಡಿದ ಬಡವ ಸುಗ್ಗಿಯಲ್ಲಿ ಕರೆದಾಗ ಬರಲೇಬೇಕು, ಕೊಟ್ಟ ಕೂಲಿ ಒಪ್ಪಲೇಬೇಕು. ಲೆಕ್ಕ ಬರೆದಿಡದ ಸಾಲಕ್ಕೆ ತೀರುವ ದಿನವೂ ಇರುವುದಿಲ್ಲ.

ಟಿಕೆಟ್ಟಿಗೆ ಆ ಪ್ರಶ್ನೆ ಬೇಡ. ಹಣ ಕೊಟ್ಟೆ, ರುಚಿ ನೋಡಿದೆ, ಋಣ ಹರಿಯಿತು. ಜರ್ಮನಿಯ ಜಾರ್ಜ್ ಸಿಮ್ಮೆಲ್ 1900ರಲ್ಲಿ ಹಣದ ತತ್ವವನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದು, ಹಣ ಮನುಷ್ಯರನ್ನು ಒಬ್ಬರಿಂದೊಬ್ಬರಿಗೆ ದೂರ ಮಾಡುವ ಹಾಗೆಯೇ ಹಳೆಯ ಒಡೆತನಗಳಿಂದ ಬಿಡಿಸುತ್ತದೆ ಎಂದ. ಧಾನ್ಯವನ್ನೋ ದುಡಿಮೆಯನ್ನೋ ಒಪ್ಪಿಸಬೇಕಾದ ರೈತ ಒಡೆಯನಿಗೆ ಕಟ್ಟುಬಿದ್ದಿರುತ್ತಾನೆ. ಅದನ್ನೇ ಹಣವಾಗಿ ಕೊಡುವಂತಾದರೆ ಅವನ ಬದುಕು ಅವನ ಕೈಗೆ ಬರುತ್ತದೆ. ನಮ್ಮಲ್ಲಿ ಹೋಟೆಲು, ರೈಲು, ಸಿನಿಮಾ ಟಾಕೀಸುಗಳು ಮಾಡಿದ ಕೆಲಸ ಇದೇ. ಹತ್ತು ರೂಪಾಯಿ ಕೊಟ್ಟವರು ಬೆಂಚಿನ ಮೇಲೆ ಪಕ್ಕಪಕ್ಕ ಕೂತರು. ಅಲ್ಲಿಯೂ ಬೇರೆ ಲೋಟ ಇಟ್ಟವರು ಇದ್ದರು, ಇದ್ದಾರೆ. ಆದರೆ ಅದು ತಪ್ಪು ಎಂದು ಎದುರು ನಿಂತು ಹೇಳುವ ಧೈರ್ಯ ಗಿರಾಕಿಗೆ ಬಂದಷ್ಟು ಬೇಗ ಅತಿಥಿಗೆ ಬರಲಿಲ್ಲ. ಕೊಟ್ಟದ್ದನ್ನು ತಿನ್ನುವವನು ತಟ್ಟೆಯ ಬಗ್ಗೆ ದೂರುವುದು ಹೇಗೆ?

ಹಾಗಾದರೆ ತಮ್ಮನ ಟಿಕೆಟ್ಟೇ ಸರಿ ಎಂದು ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸದಂತೆ ಮಾಡಿದ್ದು ವೈನರಿಯಲ್ಲಿ ಕಂಡ ಇನ್ನೊಂದು ಸಂಗತಿ.

ವೈನಿನ ದ್ರಾಕ್ಷಿಯನ್ನು ಕೀಳುವುದು ಬೆಳಗಿನ ಜಾವದ ತಂಪಿನಲ್ಲಿ. ಬಿಸಿಲೇರಿದರೆ ಹಣ್ಣು ಬಿಸಿಯಾಗುತ್ತದೆ, ತೊಟ್ಟಿಗೆ ಹೋಗುವ ಮೊದಲೇ ಹುಳಿತುಬಿಡುವ ಭಯ. ಪ್ರವಾಸಿಗಳಾದ ನಾವು ತಲುಪಿದ್ದು ಹನ್ನೊಂದಕ್ಕೆ. ಹಾಗಾಗಿ ತೋಟ ಖಾಲಿಯಾಗಿ, ಚೊಕ್ಕಟವಾಗಿ, ಫೋಟೋಗೆ ಹೇಳಿ ಮಾಡಿಸಿದಂತೆ ಇತ್ತು. ಯಾರೂ ಕೆಲಸದವರನ್ನು ಬಚ್ಚಿಟ್ಟಿರಲಿಲ್ಲ. ಕೆಲಸದ ಹೊತ್ತು ಬೇರೆ, ನೋಡುವ ಹೊತ್ತು ಬೇರೆ, ಅಷ್ಟೇ. ಕಾಣದಿರುವುದಕ್ಕೆ ಯಾರ ಕೆಡುಕೂ ಬೇಕಿಲ್ಲ ಎಂದು ನನಗೆ ಅಲ್ಲಿ ಹೊಳೆಯಿತು. ಗಡಿಯಾರವೊಂದೇ ಸಾಕು.

ಹೊರಡುವಾಗ ಗೇಟಿನ ಆಚೆ ಹೊಂಗೆ ಮರದ ನೆರಳಲ್ಲಿ ಗಾಡಿಗಾಗಿ ಕಾಯುತ್ತಿದ್ದ ನಾಲ್ವರು ಹೆಂಗಸರು ಕಂಡರು. ದ್ರಾಕ್ಷಿ ಕೀಳಲು ಬಂದವರು. ಬೆರಳುಗಳಲ್ಲಿ ಹಣ್ಣಿನ ಕಲೆ ಇನ್ನೂ ಇತ್ತು. ಮಾತಾಡುತ್ತ, ಇಲ್ಲಿಯ ವೈನ್ ರುಚಿ ನೋಡಿದ್ದೀರಾ ಅಮ್ಮ ಎಂದು ಅವರಲ್ಲಿ ಹಿರಿಯಾಕೆಯನ್ನು ಕೇಳಿದೆ. ಆಕೆ ನಕ್ಕರು. “ನಮ್ಗ್ಯಾಕಪ್ಪ ಅದೆಲ್ಲ? ಆ ದುಡ್ಡಲ್ಲಿ ನಮ್ಗೆ ವಾರದ್ ಸಂತೆ ಆಗ್ತದೆ.”

ಆ ನಗುವಿನಲ್ಲಿ ದುಃಖವಿರಲಿಲ್ಲ. ಅದನ್ನು ದುಃಖವೆಂದು ಬರೆದರೆ ಆಕೆಗೆ ಅನ್ಯಾಯ. ಆಕೆಗೆ ವೈನ್ ಬೇಕಿರಲಿಲ್ಲ. ಆದರೆ ನನಗೆ ಆಕೆಯ ಲೆಕ್ಕ ಮುಖ್ಯವೆನಿಸಿತು. ನಾನು ‘ರುಚಿ ನೋಡಲು’ ಕೊಟ್ಟ ಹಣವನ್ನು ಆಕೆ ಸಂತೆಯ ಅಳತೆಯಲ್ಲಿ ನೋಡಿದರು. ಒಂದೇ ಹಣ ಗೇಟಿನ ಒಳಗೆ ಒಂದು ಗಂಟೆಯ ಖುಷಿ, ಗೇಟಿನ ಹೊರಗೆ ಒಂದು ವಾರದ ಅಡುಗೆ. ಟಿಕೆಟ್ಟು ಮೇಜಿನ ಸುತ್ತ ಕೂತ ಹನ್ನೆರಡು ಜನರನ್ನು ಸಮ ಮಾಡಿತ್ತು, ನಿಜ. ಆದರೆ ಮೇಜಿನ ಬಳಿಗೆ ಬರುವವರು ಯಾರು ಎಂಬುದನ್ನು ಮೊದಲೇ ತೀರ್ಮಾನಿಸಿತ್ತು. ಗಾಣದ ಕೊಡುಗೆ ‘ನೀನು ಯಾರು’ ಎಂದು ಕೇಳುತ್ತಿತ್ತು. ಟಿಕೆಟ್ಟು ಕೇಳುವುದಿಲ್ಲ, ಆದರೆ ಅದರ ಬೆಲೆಯೇ ಆ ಪ್ರಶ್ನೆಗೆ ಉತ್ತರ ಬರೆದುಕೊಂಡು ಬಂದಿರುತ್ತದೆ.

ಮದ್ಯದ ವಿಷಯದಲ್ಲಿ ನಮ್ಮ ರಾಜ್ಯ ಈ ಉತ್ತರವನ್ನು ಒಂದೇ ವರ್ಷದಲ್ಲಿ ಎರಡು ಬಾರಿ ಬರೆದಿದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದೇ 2007ರ ಹೆಸರಿನಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಬಂತು. ಎರಡಕ್ಕೂ ಕಾರಣಗಳಿದ್ದವು. ಸಾರಾಯಿಯಿಂದ ಮನೆ ಮುರಿದ ಹೆಣ್ಣುಮಕ್ಕಳು ಹಳ್ಳಿಹಳ್ಳಿಯಲ್ಲಿ ಅದರ ವಿರುದ್ಧ ನಿಂತಿದ್ದರು. ಅವರ ಹೋರಾಟವನ್ನು ಹಗುರ ಮಾಡುವ ಹಕ್ಕು ಯಾರಿಗೂ ಇಲ್ಲ. ವೈನಿನಿಂದ ದ್ರಾಕ್ಷಿ ಬೆಳೆಗಾರನಿಗೆ ಇನ್ನೊಂದು ಮಾರುಕಟ್ಟೆ ಸಿಗುತ್ತದೆ ಎಂಬುದೂ ಸುಳ್ಳಲ್ಲ. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಮಾತು ಎದ್ದು ಕಾಣುತ್ತದೆ. ಬಡವ ಕುಡಿದರೆ ಅದು ಚಟ, ಉಳ್ಳವ ಕುಡಿದರೆ ಅಭಿರುಚಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬ ವಚನಕಾರನಿದ್ದ. ಹೆಂಡ ಮಾರುತ್ತಿದ್ದವನು. ಆ ಕಾಯಕದ ಹೆಸರನ್ನು ಅವನು ಅಳಿಸಿಕೊಳ್ಳಲಿಲ್ಲ, ಉಳಿದ ಶರಣರೂ ಅವನನ್ನು ದೂರ ಕೂರಿಸಲಿಲ್ಲ. ನಾವು ಪಾನೀಯವನ್ನು ನೋಡಿ ಮನುಷ್ಯನ ಯೋಗ್ಯತೆ ಅಳೆಯುತ್ತೇವೆ. ಆ ಶರಣರು ಅಳತೆಗೋಲನ್ನು ಬೇರೆ ಕಡೆ ಇಟ್ಟಿದ್ದರು.

ಇಷ್ಟು ಹೇಳಿದ ಮೇಲೆ ಯಾರಾದರೂ ಕೇಳಬಹುದು: ಹಾಗಾದರೆ ಇಂಥ ಪ್ರವಾಸವೇ ತಪ್ಪೇ? ಮನೆಯಲ್ಲೇ ಕೂತಿದ್ದರೆ ನಮ್ಮ ಕೈ ಶುದ್ಧವಾಗಿರುತ್ತಿತ್ತೇ?

ಇರುವುದಿಲ್ಲ. ಮನೆಯಲ್ಲಿ ಕೂತು ಚಹಾ ಕುಡಿಯುವವನ ಲೋಟದಲ್ಲೂ ಹುಕ್ಕೇರಿಯ ಕಬ್ಬಿರಬಹುದು. ನಮ್ಮ ಕಡೆಯ ಕಬ್ಬು ಈಗ ಸಕ್ಕರೆಯಾಗಿ ಮಾತ್ರ ಹೊರಗೆ ಹೋಗುವುದಿಲ್ಲ. ಕಾಕಂಬಿಯಿಂದ, ಕೆಲವೊಮ್ಮೆ ಕಬ್ಬಿನ ರಸದಿಂದಲೇ ಎಥೆನಾಲ್ ಆಗುತ್ತದೆ. ಈಗ ದೇಶದ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆಸಲಾಗುತ್ತದೆ. ನಾವು ನಂದಿಬೆಟ್ಟದ ಕಡೆ ಹೋದ ಕಾರೂ ಹೀಗೆ ಸ್ವಲ್ಪ ದೂರ ಕಬ್ಬಿನ ಬಲದಿಂದಲೇ ಓಡಿತು. ಆ ಕಬ್ಬನ್ನು ಕಡಿಯಲು ಪ್ರತಿ ವರ್ಷ ಮಹಾರಾಷ್ಟ್ರದ ಬೀಡ್ ಕಡೆಯಿಂದ, ವಿಜಯಪುರದ ತಾಂಡಾಗಳಿಂದ ಗ್ಯಾಂಗುಗಳು ಬರುತ್ತವೆ. ಮುಕಾದಮನಿಂದ ಮುಂಗಡ ಪಡೆದು, ಗಂಡ ಹೆಂಡತಿ ಜೋಡಿಯಾಗಿ, ಹೊಲದ ಬದಿಯ ಗುಡಿಸಲುಗಳಲ್ಲಿ ಸುಗ್ಗಿ ಮುಗಿಯುವವರೆಗೆ ಇರುತ್ತಾರೆ. 2019ರಲ್ಲಿ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡಿದ್ದಾರೆಂಬ ಸುದ್ದಿ ದೇಶವನ್ನು ಬೆಚ್ಚಿಬೀಳಿಸಿತು. ಮಹಾರಾಷ್ಟ್ರ ಸರ್ಕಾರ ತನಿಖೆಗೆ ಸಮಿತಿ ನೇಮಿಸಿತು. ಒಂದು ದಿನ ಕೆಲಸ ತಪ್ಪಿದರೂ ಕೂಲಿ ಕಡಿತವಾಗುವ ವ್ಯವಸ್ಥೆಯಲ್ಲಿ ತಿಂಗಳ ಮುಟ್ಟೂ ಒಂದು ನಷ್ಟವೆನಿಸಿತ್ತು.

ಈ ಹೆಣ್ಣುಮಕ್ಕಳಿಗೂ ನನಗೂ ಇರುವ ಸಂಬಂಧ ನಾನು ಗಾಣ ನೋಡಲು ಹೋದ ದಿನ ಹುಟ್ಟಿದ್ದಲ್ಲ. ಮೊದಲ ಚಮಚ ಸಕ್ಕರೆ ಬಾಯಿಗೆ ಬಿದ್ದ ದಿನವೇ ಹುಟ್ಟಿದೆ. ಅಂಗಡಿಯ ಪೊಟ್ಟಣ ಅದನ್ನು ಮುಚ್ಚಿಡುತ್ತದೆ. ನೋಡಲು ಹೋದರೆ ಪೊಟ್ಟಣ ಸ್ವಲ್ಪವಾದರೂ ಬಿಚ್ಚುತ್ತದೆ. ಆದ್ದರಿಂದ ನೋಡಲು ಹೋಗುವುದು ತಪ್ಪಲ್ಲ. ಪೊಟ್ಟಣವನ್ನು ಇನ್ನೂ ಚೆಂದದ ಕಾಗದದಲ್ಲಿ ಸುತ್ತಿ ತೋರಿಸಿದರೆ, ಅದನ್ನೇ ಕಂಡೆವೆಂದು ನಂಬಿ ಮರಳಿದರೆ ತಪ್ಪು. ಪ್ರವಾಸಿಯ ನೈತಿಕ ಹೊಣೆ ಪಶ್ಚಾತ್ತಾಪವಲ್ಲ. ನೋಡಲೆಂದೇ ಬಂದಿರುವುದರಿಂದ ಸರಿಯಾಗಿ ನೋಡುವುದು ಅವನ ಹೊಣೆ.

‘ನೋಡು’ ಎಂಬ ಮಾತಿಗೆ ಗಾಣದಲ್ಲಿ ಇನ್ನೊಂದು ಅರ್ಥವಿದೆ. ಕೊಪ್ಪರಿಗೆಯ ಬಳಿ ನಿಲ್ಲುವ ಅನುಭವಸ್ಥರು ‘ಪಾಕ ನೋಡುತ್ತಾರೆ’. ಸುಣ್ಣ ಹಾಕಿ, ಬೆಂಡೆಗಿಡದ ಲೋಳೆ ಬಿಟ್ಟು, ಮೇಲೆ ಬಂದ ಕೊಳೆ ತೆಗೆದು, ಗಂಟೆಗಟ್ಟಲೆ ಕುದಿಸಿದ ಮೇಲೆ ಒಂದು ಹಂತದಲ್ಲಿ ಪಾಕದ ಹನಿಯೊಂದನ್ನು ತಣ್ಣೀರಿಗೆ ಬಿಟ್ಟು ಬೆರಳಿನಲ್ಲಿ ಉಂಡೆ ಮಾಡುತ್ತಾರೆ. ಉಂಡೆ ಕೂತರೆ ಇಳಿಸಬೇಕು. ಸ್ವಲ್ಪ ಮುಂಚೆ ಇಳಿಸಿದರೆ ಬೆಲ್ಲ ನೀರಾಡುತ್ತದೆ, ಸ್ವಲ್ಪ ತಡವಾದರೆ ಹೊತ್ತುತ್ತದೆ. ನೂರು ಕಿಲೋ ಕಬ್ಬಿಗೆ ಸಿಗುವ ಸುಮಾರು ಹತ್ತು ಕಿಲೋ ಬೆಲ್ಲ ಆ ಒಂದು ನೋಟದ ಮೇಲೆ ನಿಂತಿದೆ. ಪ್ರವಾಸಿಯೂ ಹನಿ ನೋಡುತ್ತಾನೆ, ಅವರೂ ಹನಿ ನೋಡುತ್ತಾರೆ. ಅವರ ನೋಟ ತಪ್ಪಿದರೆ ದಿನದ ದುಡಿಮೆ ಹೋಗುತ್ತದೆ. ಪ್ರವಾಸಿಯ ನೋಟ ತಪ್ಪಿದರೆ ಅವನಿಗೆ ಏನೂ ಆಗುವುದಿಲ್ಲ. ನಾನು ಹುಡುಕುತ್ತಿದ್ದ ವ್ಯತ್ಯಾಸ ಇಲ್ಲಿದೆ. ಪಣಕ್ಕಿಡದೆ ನೋಡುವವನಿಗೆ, ಪಣಕ್ಕಿಟ್ಟು ನೋಡುವವರ ಮುಂದೆ ಸ್ವಲ್ಪ ಸಂಕೋಚವಿರಬೇಕು. ಆ ಸಂಕೋಚವನ್ನು ಯಾವ ಟಿಕೆಟ್ಟೂ ಕೊಂಡುಬಿಡಲಾಗದು.

ತಮ್ಮನಿಗೆ ನಾನು ಹೇಳಿದ್ದು ಹೀಗೆ. ಟಿಕೆಟ್ ಇಡು. ಎಲ್ಲರಿಗೂ ಒಂದೇ ದರ, ಒಂದೇ ಲೋಟ. ಬಂದ ಹಣದಲ್ಲಿ ಬೆಂಕಿ ಹಾಕುವವರಿಗೆ, ಪಾಕ ನೋಡುವವರಿಗೆ, ಕಬ್ಬು ಹೊರುವವರಿಗೆ ಗೊತ್ತಾದ ಪಾಲು ಕೊಡು. ಅದು ದಾನವಲ್ಲ, ನೋಡಿಸಿಕೊಳ್ಳುವುದೂ ಒಂದು ಕೆಲಸವೇ. ಬೆಲ್ಲ ಹೇಗಾಗುತ್ತದೆಂದು ನೀನು ಹೇಳಬೇಡ, ಪಾಕ ನೋಡುವವರೇ ಹೇಳಲಿ.

ಅವನು ತಕ್ಷಣ ತಡೆದ. “ಅವರ ಮಾತಾಡ್ಕೋತ ನಿಂತ್ರ ಬೆಲ್ಲ ಹೊತ್ತತೈತಿ ಅಣ್ಣಾ.”

ಅವನ ಮಾತೇ ಸರಿ. ಹಾಗಾದರೆ ಆ ಹೊತ್ತಿನಲ್ಲಿ ಬಂದವರು ಸುಮ್ಮನೆ ನಿಂತು ನೋಡಲಿ, ಬೆಲ್ಲ ಇಳಿದ ಮೇಲೆ ಕೇಳಲಿ ಎಂದೆ. ಕೆಲಸಕ್ಕಾಗಿ ಪ್ರವಾಸಿ ಕಾಯುವುದು ನನಗೆ ಸರಿಯಾದ ಕ್ರಮವೆನಿಸಿತು. ವೈನರಿಯಲ್ಲಿ ನನಗೆ ಕಾಣದೇ ಹೋದ ಬೆಳಗಿನ ಜಾವ ಬೆಳಗಾವಿಯಿಂದ ಬಂದವರಿಗೆ ಇಲ್ಲಿ ಕಾಣಲಿ.

ಕಾಕುವಿನ ಮಾತನ್ನು ಏನು ಮಾಡುವುದು? ಅದನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ. ಆಕೆಗೆ ಸ್ಪೇನಿನ ಒಂದು ಸಂಗತಿ ಹೇಳಿದೆ. ಅಲ್ಲಿಯ ನವಾರ್ರಾ ಸೀಮೆಯಲ್ಲಿ ಇರಾಚೆ ಎಂಬ ವೈನರಿ ಇದೆ. ಅದರ ಗೋಡೆಗೆ 1991ರಲ್ಲಿ ಎರಡು ನಲ್ಲಿಗಳನ್ನು ಹಾಕಿದರು. ಒಂದರಲ್ಲಿ ನೀರು, ಇನ್ನೊಂದರಲ್ಲಿ ವೈನ್. ಸಾಂತಿಯಾಗೊ ಕ್ಷೇತ್ರಕ್ಕೆ ನೂರಾರು ಕಿಲೋಮೀಟರ್ ನಡೆದು ಹೋಗುವ ಯಾತ್ರಿಕರ ದಾರಿ ಆ ಗೋಡೆಯ ಪಕ್ಕದಲ್ಲೇ ಹಾದುಹೋಗುತ್ತದೆ. ನಡೆದು ದಣಿದವರು ಒಂದು ಗುಟುಕು ಕುಡಿದು ಮುಂದೆ ಹೋಗಬಹುದು. ರೊಕ್ಕ ಇಲ್ಲ. ವ್ಯಾಪಾರವೇ ವೃತ್ತಿಯಾದವರು ತಮ್ಮ ಗೋಡೆಯಲ್ಲಿ ಇಷ್ಟು ಜಾಗವನ್ನು ವ್ಯಾಪಾರದಿಂದ ಹೊರಗಿಟ್ಟಿದ್ದಾರೆ. ಆ ನಲ್ಲಿಯ ದೊಡ್ಡ ಗುಣವೆಂದರೆ ಅದರ ಹಿಂದೆ ಕೈಯಿಲ್ಲ. ಮೇಲಿನಿಂದ ಹೊಯ್ಯುವವರಿಲ್ಲ, ನೀನು ಯಾರೆಂದು ಕೇಳುವವರಿಲ್ಲ.

ಹಳೆಯ ಗಾಣ ಕೊಡುವುದನ್ನು ಬಲ್ಲದು, ಸಮನಾಗಿ ಕೊಡುವುದನ್ನು ಅರಿಯದು. ಹೊಸ ಟಿಕೆಟ್ಟು ಕೂತವರನ್ನು ಸಮ ಮಾಡಬಲ್ಲದು, ಕೊಡುವುದನ್ನು ಅರಿಯದು. ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ಹಟ ನಮಗೆ ಯಾಕೆ? ಒಳಗೆ ಟಿಕೆಟ್ಟಿರಲಿ. ರಸ್ತೆಗೆ ಮುಖಮಾಡಿ ಒಂದು ನಲ್ಲಿಯೂ ಇರಲಿ. ಎಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೆ, ಕಬ್ಬು ಕಡಿದು ಮರಳುವ ಗ್ಯಾಂಗಿನ ಮಕ್ಕಳಿಗೆ, ದಾರಿಹೋಕರಿಗೆ. ಕಾಕು ಸ್ವಲ್ಪ ಹೊತ್ತು ಸುಮ್ಮನಿದ್ದು, “ಲೋಟ ಯಾರ ತೊಳೀತಾರ?” ಎಂದು ಕೇಳಿದಳು. ಸಮಾನತೆಯ ಎಲ್ಲ ಚರ್ಚೆಗಳೂ ಕೊನೆಗೆ ಬಂದು ನಿಲ್ಲಬೇಕಾದ ಪ್ರಶ್ನೆ ಅದು. ಕುಡಿದವರೇ ತೊಳೆದಿಡಲಿ ಎಂದೆ. ಅದಕ್ಕೆ ಆಕೆ ಬೇಡ ಅನ್ನಲಿಲ್ಲ.

ಈ ವ್ಯವಸ್ಥೆಯಿಂದ ಕಬ್ಬಿನ ಗ್ಯಾಂಗುಗಳ ಮುಂಗಡದ ಸಾಲ ಕಳೆಯುವುದಿಲ್ಲ, ದ್ರಾಕ್ಷಿ ಕೀಳುವವರ ಕೂಲಿ ಹೆಚ್ಚುವುದಿಲ್ಲ. ಅವಕ್ಕೆ ಕಾನೂನು ಬೇಕು, ಸಂಘಟನೆ ಬೇಕು, ಗಾಣದ ಮುಂದಿನ ನಲ್ಲಿಯಿಂದ ಅದು ಆಗದು. ಆದರೆ ಒಂದು ದಿನ ನೋಡಲು ಹೋಗುವ ನಾವು ನಮ್ಮ ಮಟ್ಟಿಗೆ ಕೇಳಿಕೊಳ್ಳಬಹುದಾದ ಪ್ರಶ್ನೆಯೊಂದು ಇದೆ. ಇದನ್ನು ಮಾಡಿದವರು ಈ ಮೇಜಿಗೆ ಬರಬೇಕೆಂದರೆ ಬರಬಹುದೇ? ಬೇಡವೆನ್ನುವುದು ಅವರ ಇಷ್ಟ. ಬೇಡವೆನ್ನುವಷ್ಟು ಸ್ವಾತಂತ್ರ್ಯ ಅವರಿಗೂ ನಮ್ಮಷ್ಟೇ ಇದೆಯೇ ಎಂಬುದು ಮಾತ್ರ ನಾವೆಲ್ಲ ತಿಳಿಯಬೇಕಾದ ಸಂಗತಿ. ವೈನಿನ ಗ್ಲಾಸಿನ ಮುಂದೆಯೂ, ಬಿಸಿ ಬೆಲ್ಲದ ಮುಂದೆಯೂ, ಮನೆಯ ಚಹಾದ ಮುಂದೆಯೂ ಅದನ್ನು ಕೇಳಬಹುದು. ಕೇಳಿದರೆ ರುಚಿ ಕೆಡುವುದಿಲ್ಲ.